ಡೇರೆಯಲ್ಲಿ ಅತ್ತ ಮೇಷ್ಟ್ರು

ಮೇಷ್ಟ್ರ ಮಾನ ಹೋಗೋದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಅದು ವಾರಕ್ಕೊಂದು ಸಲ ಹೋಗಿ ಬರ್ತಾನೇ ಇರುತ್ತೆ. ನನ್ನದು ಪೂರ್ತಿ ಹೋಗೋದಕ್ಕೆ ಒಂದು ಸಿನಿಮಾ ಸಾಕಾಯಿತು.

ರೀಲು ಮುಗಿದಾಗ

ಅರವತ್ತರ ದಶಕದ ಶುರು. ದಿಬ್ಬೂರಹಳ್ಳಿಯಲ್ಲಿ ನನಗೆ ಬೆತ್ತದ ಮೇಷ್ಟ್ರು ಅಂತಲೇ ಹೆಸರು. ಯಾವುದೋ ಕಾದಂಬರಿಯಿಂದ ತೆಗೆದ ಒಬ್ಬ ಬಡ ಮೇಷ್ಟ್ರ ಸಿನಿಮಾ, ಚಿಂತಾಮಣಿಯವರನ್ನೆಲ್ಲ ಅಳಿಸಿ ಮುಗಿಸಿದ ಮೇಲೆ ನಮ್ಮೂರ ಟೆಂಟ್ ಸಿನಿಮಾ ಡೇರೆಗೆ ಬಂತು. ನನ್ನದು ಕುರ್ಚಿ ಟಿಕೆಟ್ಟು. ನನ್ನ ಹುಡುಗರೆಲ್ಲ ಮುಂದೆ ನೆಲದ ಮೇಲೆ. ಕತ್ತಲಲ್ಲಿ ಯಾರಿಗೆ ಕಾಣುತ್ತೆ ಅಂತ ಧಾರಾಳವಾಗಿ ಅತ್ತೆ.

ಆದರೆ ಡೇರೆಯಲ್ಲಿ ಇದ್ದದ್ದು ಒಂದೇ ಮೆಷಿನ್ನು. ರೀಲು ಮುಗಿದಾಗಲೆಲ್ಲ ದೀಪ ಹಾಕಿ ಬೇರೆ ರೀಲು ಏರಿಸಬೇಕು. ಅದನ್ನು ಮರೆತಿದ್ದೆ. ದೀಪ ಬಂದಾಗ ನಾನು ಶಲ್ಯದ ತುದಿ ಬಾಯಿಗೆ ತುರುಕಿಕೊಂಡು ಬಿಕ್ಕುತ್ತಾ ಕೂತಿದ್ದೆ.

"ಲೇ, ಮೇಷ್ಟ್ರು ಅಳ್ತಾವ್ರೆ ಕಣೋ!"

ನೆಲದವರೆಲ್ಲ ನನ್ನ ಕಡೆ ತಿರುಗಿದರು. ಮುಂದಿನ ರೀಲು ಶುರುವಾದರೂ ಕೆಲವರು ಪರದೆಯ ಕಡೆ ಮುಖ ಮಾಡಲೇ ಇಲ್ಲ.

ಅಜ್ಜಿಯ ರಾಗಿ

ಮಾರನೇ ದಿನ ಶಾಲೆಯಲ್ಲಿ ಬೆತ್ತ ಎತ್ತಿದೆ. ಹುಡುಗನೊಬ್ಬ ತಾನಾಗಿ ಕೈ ಚಾಚಿ, "ಹೊಡೀರಿ ಸಾರ್. ಆಮೇಲೆ ಮನೇಗೋಗಿ ಅಳಬೇಡಿ ಮತ್ತೆ" ಅಂದ. ಬೆತ್ತ ಕೆಳಗಿಟ್ಟೆ.

ಸಾಲದ್ದಕ್ಕೆ ಸಂಜೆ ಅವನ ಅಜ್ಜಿ ತಲೆ ಮೇಲೆ ರಾಗಿ ಹೊತ್ತು ಮನೆಗೇ ಬಂದರು. ಸಿನಿಮಾದ ಮೇಷ್ಟ್ರಿಗೆ ಹೊಟ್ಟೆಗಿಲ್ಲ, ಅದನ್ನು ನೋಡಿ ನಾನು ಅತ್ತೆ, ಅಂದ ಮೇಲೆ ನಮ್ಮನೆಯಲ್ಲೂ ಉಪವಾಸ. ಇದು ಅವರ ತರ್ಕ.

"ಅಯ್ಯೋ ಪಾಪಂ! ಒಂದು ಮಾತು ಹೇಳ್ಬಾರ್ದೇನಪ್ಪಾ ಮೇಷ್ಟ್ರೇ?"

ನನ್ನಾಕೆ ಒಳಗಿಂದ ಬಂದಳು. "ನಾನು ಊಟ ಹಾಕಲ್ಲ ಅಂತ ಊರಿಗೆಲ್ಲ ಸಾರಿಕೊಂಡು ಬಂದ್ರಾ?" ಅಂತ ನನ್ನನ್ನು ಕೇಳಿ, ರಾಗಿ ವಾಪಸ್ಸು ಕಳಿಸಿದಳು. ಅವತ್ತು ಬೀದಿ ಬಾಗಿಲು ತೆರೆದಿಟ್ಟು ನನಗೆ ಮೂರು ಮುದ್ದೆ ಬಡಿಸಿದಳು. ಹೋಗಿ ಬರುವವರೆಲ್ಲ ನೋಡುವ ಹಾಗೆ ಉಂಡೆ.

ಎರಡನೇ ಸಲ

"ನನ್ನ ಮಾನ ಕಳೆದ ಸಿನಿಮಾ ಯಾವುದು, ನಾನೂ ನೋಡಬೇಕು. ನೀವು ಒಂದು ಹನಿ ಕಣ್ಣೀರು ಹಾಕಿದ್ರೆ ಇದೆ ನಿಮಗೆ!" ಅಂದಳು ನನ್ನಾಕೆ. ಹೋದೆವು.

ಮೊದಲ ರೀಲು ಮುಗಿದು ದೀಪ ಬಂತು. ನೆಲದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಬಿಗಿದುಕೊಂಡು ಕೂತಿದ್ದೆ. ಡೇರೆಯ ಯಜಮಾನ ಬಗ್ಗಿ ಕಿವಿಯಲ್ಲಿ, "ಜನ ನಿಮ್ಮನ್ನ ನೋಡೋಕೇ ಮತ್ತೆ ಬಂದವ್ರೆ ಸ್ವಾಮಿ. ಒಂಚೂರು ಅತ್ಬಿಡಿ" ಅಂದ.

ನಾನು ಜಗ್ಗಲಿಲ್ಲ. ಪರದೆಯ ಮೇಲೆ ಮೇಷ್ಟ್ರ ಹೆಂಡತಿ ಇದ್ದದ್ದನ್ನೆಲ್ಲ ಗಂಡನಿಗೆ ಬಡಿಸಿ, "ನನ್ನದಾಯ್ತು" ಅಂತ ಸುಳ್ಳು ಹೇಳಿದಳು. ನನ್ನ ಪಕ್ಕದಲ್ಲಿ ಗೊಳೋ ಅಂತ ಅಳು. ನನ್ನಾಕೆ! ಅದೇ ಹೊತ್ತಿಗೆ ದೀಪ ಬರಬೇಕೇ? ಇಡೀ ಡೇರೆ ಅವಳನ್ನು ನೋಡಿತು. ಆಮೇಲೆ ನನ್ನ ಹೊಟ್ಟೆ ನೋಡಿತು.

"ಏನಾಯ್ತೇ?" ಅಂದೆ.

"ತಿಂಗಳ ಕೊನೇಲಿ ನಾನೂ ಹಿಂಗೇ ಅಲ್ವಾ? ಒಂದು ದಿನವಾದ್ರೂ ಕೇಳಿದ್ದೀರಾ ನೀವು?"

ಆ ಮೂರು ಮುದ್ದೆ ನೆನಪಾಯಿತು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಬೆಳಿಗ್ಗೆ ಡೇರೆಯ ಸುದ್ದಿ ಕೇಳಿ ಅಜ್ಜಿ ಮತ್ತೆ ಬಂದರು, ಬಿಸಿ ಮುದ್ದೆ, ಸೊಪ್ಪಿನ ಸಾರು ಹಿಡಿದು. ಈ ಸಲ ಬೇಡ ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ. ನಾನೇ ಕೈ ಚಾಚಿದೆ.

"ನಿಮಗಲ್ಲಪ್ಪಾ, ಅಮ್ಮಯ್ಯಂಗೆ. ನೀವು ಹೊರಗೆ ಕೂತ್ಕೊಳ್ಳಿ" ಅಂತ ಪಾತ್ರೆ ಒಳಗೆ ಕೊಟ್ಟು, ಬಾಗಿಲಿಗೆ ಅಡ್ಡ ಕೂತರು.

"ಅವರಿಗೂ ಒಂದು ತುತ್ತು..." ಅಂದಳು ನನ್ನಾಕೆ ಒಳಗಿಂದ.

"ನೀನು ಉಣ್ಣಮ್ಮ ಮೊದಲು. ಉಳಿದ್ರೆ ನೋಡಣ."

ಜಗಲಿ ಮೇಲೆ ಕೂತೆ. ಸಾರಿನ ಘಮ ಹೊರಗೆ ಬರುತ್ತಿತ್ತು. ಶಾಲೆಗೆ ಹೊರಟಿದ್ದ ಅಜ್ಜಿಯ ಮೊಮ್ಮಗ ನಿಂತು, "ಊಟ ಆಯ್ತಾ ಸಾರ್?" ಅಂದ.

"ನನ್ನದಾಯ್ತಪ್ಪ" ಅಂದೆ.

ಹುಡುಗ ಕಿಸಕ್ಕನೆ ನಕ್ಕ. "ಸಾರ್, ಅದು ಹೆಂಡ್ತಿ ಹೇಳೋ ಡೈಲಾಗು!"