ಅರಿಶಿನ ಹಚ್ಚಿದ ಅಳತೆಗೋಲು

ಜೌಗಿಗೆ ಕಾಲಿಟ್ಟವರು ನಗೆಪಾಟಲಾಗದೆ ವಾಪಸ್ ಬರೋದಿಲ್ಲ ಅಂತ ನನಗೆ ಮೊದಲು ಹೇಳಿದವರು ನಮ್ಮ ಬಾಟನಿ ಲ್ಯಾಬಿನ ಅಟೆಂಡರ್. ಎಂಬತ್ತರ ದಶಕದ ಮಾತು. ನಾನಾಗ ಜಯನಗರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ.

ವಸಂತಪುರದಾಚೆ ಒಂದು ಬಂಡೆಗುಡ್ಡ, ಅದರ ನೆತ್ತಿಯ ತಗ್ಗಿನಲ್ಲಿ ಒಂದು ಜೌಗು. ಕಲ್ಲು ಒಡೆಯುವವರು ಕಾಲುವೆ ತೋಡಿ ಅದನ್ನು ಒಣಗಿಸಿದ್ದರು. ನಾನೂ ನನ್ನ ವಿದ್ಯಾರ್ಥಿನಿಯರೂ ಕಾಲುವೆ ಮುಚ್ಚಿ ಜೊಂಡು ನೆಟ್ಟೆವು. ಬೇಸಿಗೆ ಪೂರ್ತಿ ನೀರು ನಿಂತರೆ ಜೌಗು ಬದುಕಿತು ಅಂತ ಲೆಕ್ಕ. ನಿಲ್ಲದಿದ್ದರೆ ಗುಡ್ಡ ಮತ್ತೆ ಕಲ್ಲುಗಣಿಗೆ.

ಕಿಟಕಿ

ಗಿಡ ಎಣಿಸಲು ಒಂದು ಮೀಟರ್ ಅಳತೆಯ ಮರದ ಚೌಕಟ್ಟು ಬೇಕು. ಅದನ್ನು ಹೊತ್ತು ಬನಶಂಕರಿಯಲ್ಲಿ ಬಸ್ ಹತ್ತಿದೆ.

"ಕಿಟಕೀನಾ ಅಕ್ಕ?" ಅಂದ ಕಂಡಕ್ಟರ್.

"ಅಲ್ಲಪ್ಪ. ಗುಡ್ಡದ ಮೇಲೆ ಇದನ್ನ ಇಟ್ಟು, ಒಳಗೆ ಎಷ್ಟು ಹುಲ್ಲಿದೆ ಅಂತ ಎಣಿಸ್ತೀನಿ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮುಂದಿನ ಸೀಟಿನ ಹೆಂಗಸಿಗೆ ಮೆಲ್ಲಗೆ ಹೇಳಿದ: "ಸ್ವಲ್ಪ ಸರ್ಕೊಳ್ಳಿ ಆಂಟಿ, ಪಾಪ, ಕೂತ್ಕೊಳ್ಳಲಿ."

ಬೇಸಿಗೆ ತಿಂದ ಮೇಕೆ

ಜೌಗಿನ ನಡುವೆ ಬಿಳಿ ಬಣ್ಣ ಬಳಿದು ಅಂಕಿ ಬರೆದ ಕಂಬ ನೆಟ್ಟಿದ್ದೆವು. ಪ್ರತಿ ಸೋಮವಾರ ಹುಡುಗಿಯರು ಹೋಗಿ, ನೀರು ಎಷ್ಟಿದೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗುಡ್ಡದ ಹಣೆಬರಹ ತೀರ್ಮಾನಿಸಬೇಕಾದ ಸರ್ಕಾರಿ ಸಾಹೇಬರು ತಪಾಸಣೆಗೆ ಬರುವ ವಾರವೇ, ಬಂಡೆಯ ಮೇಲಿಟ್ಟಿದ್ದ ಆ ನೋಟ್‌ಬುಕ್ಕಿಗೆ ಅಲ್ಲಿ ಮೇಕೆ ಮೇಯಿಸುವ ಅಜ್ಜಿಯ ಮೇಕೆ ಬಾಯಿ ಹಾಕಿತು.

ನಾನು ಓಡಿದೆ. ಅಜ್ಜಿ ನನಗೇ ಬೈದರು: "ಪುಸ್ತಕ ಹೋದ್ರೆ ಇನ್ನೊಂದು ಬರೀಬೋದು ಕಣವ್ವ. ಇಂಕು ತಿಂದು ನನ್ನ ಮೇಕೆಗೆ ಏನಾನ ಆದ್ರೆ?"

ಮೇಕೆಗೆ ಏನೂ ಆಗಲಿಲ್ಲ. ಮಳೆಗಾಲದ ಪುಟಗಳನ್ನು ಮೂಸಿ ಬಿಟ್ಟಿತ್ತು. ನಮಗೆ ಬೇಕಾಗಿದ್ದ ಬೇಸಿಗೆಯನ್ನಷ್ಟೇ ಪೂರ್ತಿ ತಿಂದಿತ್ತು.

ಸೋಮವಾರದ ದೇವರು

ಸಾಹೇಬರು ಬಂದರು. ಹಿಂದಿನ ದಿನ ಜೋರು ಮಳೆಯಾಗಿ ಜೌಗು ತುಂಬಿತ್ತು.

"ಇದು ನಿನ್ನೆ ನೀರು. ಬೇಸಿಗೇಲಿ ಇತ್ತು ಅನ್ನೋದಕ್ಕೆ ದಾಖಲೆ?"

"ಮೇಕೆ ತಿಂದಿದೆ ಸಾರ್."

"ಇಲಿ ತಿಂದಿದ್ದು ಕೇಳಿದೀನಿ, ಗೆದ್ದಲು ತಿಂದಿದ್ದೂ ಕೇಳಿದೀನಿ," ಅಂದರು ಅವರು. "ಮೇಕೆ ಇದೇ ಮೊದಲು."

ಕಂಬವನ್ನಾದರೂ ತೋರಿಸೋಣ ಅಂತ ಕರೆದುಕೊಂಡು ಹೋದೆ. ಬಿಳಿ ಕಂಬ ಹಳದಿಯಾಗಿತ್ತು. ಮೈತುಂಬ ಎಣ್ಣೆ, ಅರಿಶಿನ. ತಲೆಯ ಮೇಲೆ ಹೂವು. ಒಂದು ಅಂಕಿಯೂ ಕಾಣದು.

"ನಿಮ್ಮ ಹುಡುಗೀರು ಸೋಮವಾರ ಸೋಮವಾರ ಬಂದು ಬಗ್ಗಿ ಬಗ್ಗಿ ನೋಡ್ತಿದ್ರು," ಅಂದರು ಅಜ್ಜಿ. "ಯಾವ ದೇವರು ಅಂತ ಕೇಳಿದ್ರೆ ಚೆನ್ನಾಗಿರಾಕಿಲ್ಲ ಅಂತ ನಾನೂ ಪೂಜೆ ಮಾಡ್ದೆ."

ಹುಡುಗಿಯರ ಕಡೆ ತಿರುಗಿದೆ. "ನನಗ್ಯಾಕ್ರೇ ಹೇಳಲಿಲ್ಲ?"

"ಪರೀಕ್ಷೆ ಹತ್ತಿರ ಇತ್ತು ಮೇಡಂ. ಯಾಕೆ ಬೇಕು ಅಂತ ನಾವೂ ಕೈ ಮುಗೀತಿದ್ವಿ."

ಸಾಹೇಬರು ಮಾತ್ರ ಕುಕ್ಕರಗಾಲಲ್ಲಿ ಕೂತು ತಿಳಿನೀರಿನೊಳಗೆ ನೋಡುತ್ತಿದ್ದರು. ನೀರಿನಡಿಯೂ ಕಂಬ ಹಳದಿಯೇ. ಬುಡದ ಒಂದು ಗೇಣು ಮಾತ್ರ ಅಪ್ಪಟ ಬಿಳಿ.

"ಬುಡಕ್ಕೆ ಯಾಕೆ ಹಚ್ಚಿಲ್ಲ ಅಜ್ಜಿ?"

"ನೀರೊಳಗೆ ಹೆಂಗೆ ಹಚ್ಲಿ ಸ್ವಾಮಿ? ನೀರು ಇಳಿದಂಗೆಲ್ಲ ಕೆಳಕ್ಕೆ ಹಚ್ಕೊಂಡು ಬಂದೆ. ಬುಡ ಯಾವತ್ತು ಒಣಗ್ತು ಹೇಳಿ? ಚೈತ್ರ ವೈಶಾಖದಲ್ಲೂ ಗಂಗಮ್ಮ ಬಿಟ್ಟುಕೊಡಲಿಲ್ಲ."

ಸಾಹೇಬರು ಎದ್ದು, ಬೂಟು ಕಳಚಿಟ್ಟು, ನೀರಿಗಿಳಿದು ಟೇಪು ಹಿಡಿದರು. ಫೈಲಿನಲ್ಲಿ 'ಬೇಸಿಗೆಯಲ್ಲೂ ಒಂದು ಗೇಣು ನೀರು' ಅಂತ ಬರೆದರು. 'ಪುರಾವೆ' ಅನ್ನುವ ಕಡೆ ಬಹಳ ಹೊತ್ತು ಯೋಚಿಸಿ 'ಅರಿಶಿನ' ಅಂತ ತುಂಬಿದರು. ಗುಡ್ಡ ಉಳಿಯಿತು.

ಮುಂದಿನ ಸೋಮವಾರ ನಾನು ಹೋದಾಗ ಕಂಬದ ಮುಂದೆ ಯಾರೋ ತೆಂಗಿನಕಾಯಿ ಹಿಡಿದು ನಿಂತಿದ್ದರು. ಹತ್ತಿರ ಹೋದರೆ ಸಾಹೇಬರು.

"ಮಗಳಿಗೆ ಸಪ್ಲಿಮೆಂಟರಿ ಇದೆ ಮೇಡಂ," ಅಂದರು.

ಇದನ್ನು ನೀವು ಯಾರಿಗೆ ಬೇಕಾದರೂ ಹೇಳಿ. ಅಜ್ಜಿಯ ಕಡೆಯವರು ಸಿಕ್ಕರೆ ಮಾತ್ರ, ಅದು ಸ್ಕೇಲು ಅಂತ ಬಾಯಿ ಬಿಡಬೇಡಿ.