ಲೇಸರ್ ಮುಖವೂ ಅರಿಷಿಣದ ಬಟ್ಟಲೂ

ನಾದಿನಿ ಶೈಲಜಾಳ ಕುಬಸದ, ಅಂದರೆ ಸೀಮಂತದ, ಫೋಟೊಗಳಲ್ಲಿ ಎಲ್ಲರಿಗಿಂತ ನುಣ್ಣಗೆ ಕಾಣುವ ಮುಖ ತನ್ನದೇ ಆಗಿರಬೇಕು ಎಂದು ರಾಜೇಶ್ವರಿ ಶಪಥ ಮಾಡಿಬಿಟ್ಟಳು. ಕಾಲೇಜಿನ ದಿನಗಳ ಮೊಡವೆಗಳು ಹೋಗುವಾಗ ಅವಳ ಎರಡೂ ಕೆನ್ನೆಗಳಲ್ಲಿ ಕುಳಿ ಬಿಟ್ಟು ಹೋಗಿದ್ದವು. ಶೈಲಜಾಳ ಮದುವೆಯ ಆಲ್ಬಮ್ಮಿನಲ್ಲಿ ಫೋಟೊಗ್ರಾಫರ್ ಮಹಾಶಯ ಆ ಕುಳಿಗಳನ್ನು ಮುಚ್ಚುವ ಭರದಲ್ಲಿ ಅವಳ ಮೂಗನ್ನೂ ಅರ್ಧ ಒರೆಸಿಹಾಕಿದ್ದ. ಬೈಲಹೊಂಗಲದ ಅವಳ ಮನೆಗೆ ಬಂದವರು ಆಲ್ಬಮ್ ತಿರುವುತ್ತ, ಈಕೆ ಯಾರು ಎಂದು ಚಹಾ ತಂದುಕೊಟ್ಟ ಅವಳನ್ನೇ ಕೇಳುತ್ತಿದ್ದರು. ಇಂಥ ಅಪಮಾನವನ್ನು ಎಷ್ಟು ದಿನ ಅಂತ ನುಂಗುವುದು!

ಉಪಾಯ ಫೋನಿನೊಳಗೇ ಸಿಕ್ಕಿತು. ಲೇಸರ್ ಬೆಳಕು ಬಿಟ್ಟು ಚರ್ಮದ ಹಳೆಯ ಮೇಲ್ಪದರ ತೆಗೆದರೆ ಕೆಳಗಿನಿಂದ ಹೊಸ ಚರ್ಮ ಬರುತ್ತದಂತೆ, ಬರೀ ಅರ್ಧ ಗಂಟೆಯ ಕೆಲಸವಂತೆ. ಗಂಡ ಸುಭಾಸನಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಇದ್ದ ಮುಖವೇ ಚೆನ್ನಾಗಿದೆಯಲ್ಲ ಎಂದು ಅವನು ಮೆಲ್ಲಗೆ ಹೇಳಿ ನೋಡಿದ.

"ಈಗ ಹೇಳ್ತೀರಿ. ಆಲ್ಬಮ್ ನೋಡಿದಾಗ ಯಾಕ ಬಾಯಿ ಬಿಡಲಿಲ್ಲ?" ಎಂದಳು ರಾಜೇಶ್ವರಿ.

ಅಲ್ಲಿಗೆ ಸುಭಾಸನ ವಾದ ಮುಗಿಯಿತು. ಯಾರಿಗೂ, ಅದರಲ್ಲೂ ಅತ್ತೆ ಸಿದ್ದಲಿಂಗವ್ವನಿಗೆ, ಒಂದಕ್ಷರ ಹೇಳಕೂಡದು ಎಂದು ಅವನಿಂದ ಆಣೆ ಮಾಡಿಸಿಕೊಂಡೇ ಅವಳು ಅವನ ಜೊತೆ ಬೆಳಗಾವಿಯ ಬಸ್ಸು ಹತ್ತಿದ್ದು.

ಅಲ್ಲಿನ ಚರ್ಮದ ಡಾಕ್ಟರರು ಪೊಲೀಸರಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಮುಖಕ್ಕೆ ಯಾವ ಯಾವ ಕ್ರೀಮು ಹಚ್ಚಿದ್ದೀರಿ, ಗಾಯ ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆಯೇ, ತುಟಿಯ ಮೇಲೆ ನೀರುಗುಳ್ಳೆ ಏಳುತ್ತವೆಯೇ, ಏನೇನು ಗುಳಿಗೆ ತಗೊಳ್ಳುತ್ತೀರಿ. ಎಲ್ಲಕ್ಕೂ ಅವಳು ನಿಜವನ್ನೇ ಹೇಳಿದಳು. ಸದ್ಯದಲ್ಲಿ ಮನೆಯಲ್ಲಿ ಏನಾದರೂ ಕಾರ್ಯ ಇದೆಯೇ ಎಂದು ಕೇಳಿದಾಗ ಮಾತ್ರ, ಇಲ್ಲ ಅಂದಳು. ಇದೆ ಅಂದರೆ ಎಲ್ಲಿ ಮುಂದೂಡುತ್ತಾರೋ ಎಂಬ ಭಯ. ಕುಬಸಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಆಮೇಲೆ ಡಾಕ್ಟರರು ಹೇಳಿದ್ದರಲ್ಲಿ "ಅರ್ಧ ಗಂಟೆ" ಎಂಬುದೊಂದೇ ಅವಳ ಕಿವಿಗೆ ಬಿತ್ತು. ಉಳಿದದ್ದು ಸುಭಾಸನ ಕಿವಿಗೆ ಬಿತ್ತು. ಔಷಧದ ಡಬ್ಬಿಗಳ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದಿ ರೈತರಿಗೆ ಹೇಳುವ ಮನುಷ್ಯ ಅವನು. ಲೇಸರ್ ಅರ್ಧ ಗಂಟೆಯದಾದರೂ ಮುಖ ಮಾಯಲು ವಾರದ ಮೇಲೇ ಬೇಕು. ಮೊದಲು ಕೆಂಪಾಗಿ ಊದುತ್ತದೆ, ಆಮೇಲೆ ಕಂದು ಹಕ್ಕಳೆ ಕಟ್ಟುತ್ತದೆ, ಅದನ್ನು ಕೀಳಬಾರದು. ಬಿಸಿಲು ತಾಗಬಾರದು. ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬಾರದು, ಅರಿಷಿಣವಂತೂ ಬೇಡವೇ ಬೇಡ. ನಮ್ಮಂಥ ಕಂದು ಚರ್ಮ ಒಮ್ಮೆ ಕೆರಳಿತೆಂದರೆ ಕಪ್ಪಾಗಿ ಕೂತುಬಿಡುತ್ತದೆ, ಆಗ ಕುಳಿಯೇ ಚೆನ್ನಾಗಿತ್ತು ಅನ್ನಿಸುತ್ತದೆ. ಇಷ್ಟೆಲ್ಲ ಮಾಡಿದರೂ ಕುಳಿ ಕಡಿಮೆಯಾಗುತ್ತದೆ ಅಷ್ಟೆ, ಪೂರಾ ಹೋಗುವುದಿಲ್ಲ, ಮತ್ತೆ ಮತ್ತೆ ಬರಬೇಕಾಗುತ್ತದೆ. ಲೇಸರ್ ಮುಗಿಸಿಕೊಂಡು ಹಿಂದಿರುಗುವ ಬಸ್ಸಿನಲ್ಲಿ ಸುಭಾಸ ಇದನ್ನೆಲ್ಲ ಒಪ್ಪಿಸಿದಾಗ ರಾಜೇಶ್ವರಿ ಕುಬಸಕ್ಕೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದಳು.

ಮನೆ ಮುಟ್ಟುವಷ್ಟರಲ್ಲಿ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಿಸಿಲು ಬಡಿದಿದೆ ಎಂದಳು. ಸಿದ್ದಲಿಂಗವ್ವ ಸೊಸೆಯ ಮುಖವನ್ನೂ ಮಗನ ಮುಖವನ್ನೂ ನೋಡಿದರು. ಹಾಲು ಉಕ್ಕಿದರೂ ವಿಚಾರಣೆ ನಡೆಸುವ ಹೆಂಗಸು ಅಂದು ಏನೊಂದೂ ಕೇಳದೆ, ಹಾಗಾದರೆ ಒಳಗೇ ಇರು ಎಂದು ಹೇಳಿ ತಾವೇ ಒಲೆಯ ಮುಂದೆ ನಿಂತರು. ಬಚಾವಾದೆ ಎಂದು ರಾಜೇಶ್ವರಿ ಹಿಗ್ಗಿದಳು.

ಆದರೆ ಕುಬಸ ನಿಲ್ಲುತ್ತದೆಯೇ? ಶೈಲಜಾಳಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಓಡಾಟ ಬೇಡವೆಂದು ಡಾಕ್ಟರರು ಹೇಳಿದ್ದರಿಂದ ಅವಳು ಸಿರಸಂಗಿಯ ಗಂಡನ ಮನೆಯಲ್ಲೇ ಇದ್ದಳು. ಹೋಳಿಗೆಯ ಬುಟ್ಟಿಗಳನ್ನು ಹೇರಿಕೊಂಡು ಕ್ರೂಸರ್ ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಮಾವ ಮಡಿವಾಳೆಪ್ಪ, ಹಿಂದಿನ ಮೂಲೆಯಲ್ಲಿ ಮೂಗಿನವರೆಗೆ ಸೆರಗು ಎಳೆದುಕೊಂಡ ರಾಜೇಶ್ವರಿ. ಯರಗಟ್ಟಿ ದಾಟುವಾಗ ಕನ್ನಡಿ ತೆಗೆದು ನೋಡಿದಳು. ಕೆನ್ನೆಯ ತುಂಬ ಕಂದು ಹಕ್ಕಳೆ, ಅದು ಉದುರಿದ ಕಡೆ ಎಳೇ ಗುಲಾಬಿ ಚರ್ಮ. ಫೋಟೊದ ಆಸೆ ಅಲ್ಲೇ ಸತ್ತಿತು. ಮುಖ ಉಳಿದರೆ ಸಾಕಾಗಿತ್ತು.

ಅಣ್ಣನ ಹೆಂಡತಿಯಾದ್ದರಿಂದ ಮೊದಲ ಉಡಿ ಅವಳೇ ತುಂಬಬೇಕು. ತುಂಬಿದಳು. ಅದಾದ ಮೇಲೆ ಶೈಲಜಾಳ ಅತ್ತೆ ಕರೆವ್ವ ಕಲಸಿದ ಅರಿಷಿಣದ ಬಟ್ಟಲು ಹಿಡಿದು ಸಾಲಿನುದ್ದಕ್ಕೆ ಬರತೊಡಗಿದರು. ಕರೆವ್ವನದು ಬೆರಳ ತುದಿಯ ಕೆಲಸವಲ್ಲ. ಅಂಗೈ ತುಂಬ ತೆಗೆದು ಕಿವಿಯಿಂದ ಗದ್ದದವರೆಗೆ ಬಳಿಯುವ ಉದಾರಿ! ಒಂದೊಂದೇ ಮುಖ ಹಳದಿಯಾಗುತ್ತ ಬಟ್ಟಲು ಹತ್ತಿರವಾಯಿತು. ರಾಜೇಶ್ವರಿ ಸೆರಗನ್ನು ಇನ್ನಷ್ಟು ಎಳೆದುಕೊಂಡು ಹಿಂದೆ ಸರಿದಳು, ಬೆನ್ನಿಗೆ ಗೋಡೆ ತಾಗಿತು. ಬಸಿರಿಯ ಉಡಿ ತುಂಬಿದ ಮುತ್ತೈದೆ ಅರಿಷಿಣ ಬೇಡ ಅನ್ನುವುದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಳದಿ ಅಂಗೈ ಕೆನ್ನೆಯ ಮುಂದೆ ಬಂದೇ ಬಂತು.

"ನನಗ ಬ್ಯಾಡ್ರಿ," ಎಂದಳು.

ಕರೆವ್ವನ ಮುಖ ಗಂಟಿಕ್ಕಿತು.

"ಯಾಕವಾ? ನಮ್ಮ ಮನಿ ಅರಷಣ ನಿನಗ ನಡ್ಯಂಗಿಲ್ಲೇನ?"

"ಹರಕಿ ಐತ್ರಿ. ಶೈಲಾನ ಹೆರಗಿ ಸುಸೂತ್ರ ಆಗೂತನಕ ಮುಖಕ್ಕ ಅರಷಣ ಮುಟ್ಟಸಂಗಿಲ್ಲ ಅಂತ ಸವದತ್ತಿ ಎಲ್ಲವ್ವಗ ಬೇಡ್ಕೊಂಡೇನಿ."

ಈ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಕರೆವ್ವನ ಕಣ್ಣು ತುಂಬಿದವು. ಹೆಂಗಸರೆಲ್ಲ ಲೊಚಗುಟ್ಟಿ, ಇಂಥ ವೈನಿ ಯಾರಿಗೆ ಸಿಗುತ್ತಾಳೆ ಎಂದರು. ಅಷ್ಟರಲ್ಲಿ ಹೊಸ ಗಂಡಾಂತರ ಎದ್ದು ನಿಂತಿತು! ಎರಡೂ ಕೆನ್ನೆಗೆ ಒದ್ದೆ ಅರಿಷಿಣ ಮೆತ್ತಿಸಿಕೊಂಡಿದ್ದ ಶೈಲಜಾ ಅಳುತ್ತ ತಬ್ಬಿಕೊಳ್ಳಲು ಬಂದಳು. ಕೆನ್ನೆಗೆ ಕೆನ್ನೆ ತಾಗಲು ಗೇಣೂ ಉಳಿದಿರಲಿಲ್ಲ. ರಾಜೇಶ್ವರಿ ದಿಕ್ಕು ಕಾಣದೆ ದಡಕ್ಕನೆ ಬಗ್ಗಿ ನಾದಿನಿಯ ಕಾಲನ್ನೇ ಹಿಡಿದುಬಿಟ್ಟಳು. ತನಗಿಂತ ಸಣ್ಣವಳ ಕಾಲು! ಕುಬಸದ ಹೆಣ್ಣು ಲಕ್ಷ್ಮಿಯಲ್ಲವೇ ಎಂದು ಯಾರೋ ಅದಕ್ಕೂ ಅರ್ಥ ಹೇಳಿದರು.

"ಈ ಸಲ ನನಗ ಅಂಜಿಕಿ ಇಲ್ಲ ವೈನಿ. ನೀವು ಹರಕಿ ಹೊತ್ತೀರಲ್ಲ," ಎಂದಳು ಶೈಲಜಾ ತಲೆಯ ಮೇಲಿನಿಂದ.

ರಾಜೇಶ್ವರಿಗೆ ಎದ್ದು ನಿಂತು ಅವಳ ಮುಖ ನೋಡಲು ನಾಚಿಕೆಯಾಯಿತು. ಸಿದ್ದಲಿಂಗವ್ವ ಮಾತ್ರ ಮೂಲೆಯಲ್ಲಿ ಕೂತು ಹೋಳಿಗೆಯ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದರು.

ನಾಚಿಕೆ ಬಹಳ ದಿನ ಉಳಿಯಲಿಲ್ಲ. ಹಕ್ಕಳೆ ಉದುರಿ ಹೊಸ ಚರ್ಮ ಬಂತು, ಕುಳಿಗಳು ಅರ್ಧಕ್ಕರ್ಧ ತಗ್ಗಿದವು, ಹೊತ್ತು ಹೊತ್ತಿಗೆ ಕನ್ನಡಿ ನೋಡುವ ಚಟ ಹತ್ತಿತು. ಯಾರೇ ಅರಿಷಿಣದ ಬಟ್ಟಲು ತಂದರೂ ಹರಕೆ ಎಂದರಾಯಿತು, ಬಟ್ಟಲು ಕೈಮುಗಿದು ವಾಪಸ್ಸು! ಡಾಕ್ಟರರ ಮುಲಾಮಿಗಿಂತ ಇದೇ ಹೆಚ್ಚು ಗುಣಕಾರಿ ಎಂದು ಅವಳಿಗೆ ಖಾತ್ರಿಯಾಯಿತು. ಹೆರಿಗೆಗೆ ಇನ್ನೂ ಮೂರು ವಾರ ಇದೆಯಲ್ಲ ಎಂದು ಲೆಕ್ಕ ಹಾಕಿ ಎರಡನೇ ಸಲ ಬೆಳಗಾವಿಗೆ ಹೋಗಿ ಬಂದಳು.

ಮುಖ ಇನ್ನೂ ಹಸಿಯಾಗಿರುವಾಗಲೇ ಫೋನು ಬಂತು. ಶೈಲಜಾಳಿಗೆ ದಿನ ತುಂಬುವ ಮೊದಲೇ ಬ್ಯಾನಿ ಎದ್ದಿದೆ, ಸವದತ್ತಿಯ ದವಾಖಾನೆಗೆ ತಂದಿದ್ದಾರೆ, ಕೂಸಿನ ಎದೆಬಡಿತ ಇಳಿಯುತ್ತಿದೆಯಂತೆ, ಆಪರೇಶನ್ ಮಾಡಬೇಕಂತೆ.

ಮನೆಯವರೆಲ್ಲ ದವಾಖಾನೆಯ ಪಡಸಾಲೆ ಸೇರಿದರು. ಒಳಗೆ ಒಯ್ಯುವಾಗ ಶೈಲಜಾ ಹುಡುಕಿದ್ದು ವೈನಿಯನ್ನೇ. ನಿಮ್ಮ ಹರಕೆ ಐತಲ್ಲ ಎಂಬಂತೆ ಕಣ್ಣಿನಲ್ಲೇ ನಕ್ಕು ಹೋಗಿದ್ದಳು. ಬಾಗಿಲು ಮುಚ್ಚಿದ ಮೇಲೆ, ಸುತ್ತಿಕೊಂಡಿದ್ದ ಸ್ಕಾರ್ಫಿನೊಳಗೆ ರಾಜೇಶ್ವರಿಯ ಮುಖ ಉರಿಯತೊಡಗಿತು. ಅದು ಲೇಸರಿನ ಉರಿಯಲ್ಲ. ಇಲ್ಲದ ಹರಕೆಯನ್ನು ನಂಬಿ ಆ ಹುಡುಗಿ ಒಳಗೆ ಹೋದಳು, ಏನಾದರೂ ಹೆಚ್ಚು ಕಡಿಮೆಯಾದರೆ ಈ ನುಣ್ಣನೆಯ ಮುಖ ಇಟ್ಟುಕೊಂಡು ತಾನು ಏನು ಮಾಡಬೇಕು? ಎಲ್ಲವ್ವಾ, ಇಬ್ಬರನ್ನೂ ಉಳಿಸು, ಹರಕೆ ಈಗ ಖರೇ ಮಾಡುತ್ತೇನೆ, ಹೆರಿಗೆಯಾದೊಡನೆ ಅರಿಷಿಣ ಹಚ್ಚಿಕೊಳ್ಳುತ್ತೇನೆ, ಮುಖ ಕಪ್ಪಾದರೆ ಆಗಲಿ ಎಂದು ಮನಸ್ಸಿನೊಳಗೇ ಬಡಬಡಿಸಿದಳು.

ಬಾಗಿಲು ತೆರೆಯಿತು. ಹೆಣ್ಣುಕೂಸು, ತಾಯಿ-ಮಗು ಇಬ್ಬರೂ ಆರಾಮ ಎಂದು ನರ್ಸಮ್ಮ ಹೇಳಿದಳು.

ರಾಜೇಶ್ವರಿ ಅತ್ತೆಯ ಕೈಚೀಲಕ್ಕೆ ಕೈಹಾಕಿ, ಅದರಲ್ಲಿ ಸದಾ ಇರುತ್ತಿದ್ದ ಎಲ್ಲವ್ವನ ಭಂಡಾರದ ಅರಿಷಿಣದ ಪೊಟ್ಟಣ ತೆಗೆದಳು. ಸ್ಕಾರ್ಫು ಕಿತ್ತೆಸೆದು, ಮುಷ್ಟಿ ತುಂಬ ಅರಿಷಿಣ ಹಿಡಿದು ಹಸೀ ಕೆನ್ನೆಗೆ ಒಯ್ದಳು. ಗಕ್ಕನೆ ಯಾರೋ ಮಣಿಕಟ್ಟು ಹಿಡಿದರು.

"ಹುಚ್ಚಿ. ಮಷೀನಿಗೆ ಮುಖ ಕೊಟ್ಟ ಬಂದ ಇನ್ನಾ ವಾರ ಆಗಿಲ್ಲ. ಅರಷಣ ಬ್ಯಾಡ ಅಂದಿಲ್ಲೇನ ಡಾಕ್ಟರು?" ಎಂದರು ಸಿದ್ದಲಿಂಗವ್ವ.

ರಾಜೇಶ್ವರಿ ಗಂಡನ ಕಡೆ ತಿರುಗಿದಳು. ಸುಭಾಸ ಗೋಡೆಯ ಮೇಲಿನ ಪೋಲಿಯೊ ಪೋಸ್ಟರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

"ಅವನ್ನ ಯಾಕ ನೋಡ್ತಿ? ಮೊದಲನೇ ದಿನಾನ ಹೇಳ್ಯಾನ."

"ಮತ್ತ ಸಿರಸಂಗ್ಯಾಗ ಸುಮ್ಮ ಯಾಕ ಕುಂತ್ರಿ ಅತ್ತಿ?"

"ಶೈಲಾ ನಂಬಿಬಿಟ್ಟಳಲ್ಲ. ಆಕಿ ನಂಬಿದ ಮ್ಯಾಲ ಆ ಹರಕಿ ಯಾರರ ನಡಸಬೇಕಿತ್ತು."

ಆಗ ರಾಜೇಶ್ವರಿ ಅತ್ತೆಯ ಮುಖ ನೋಡಿದಳು. ತಾನು ಮದುವೆಯಾಗಿ ಬಂದಾಗಿನಿಂದ ದಿನಾ ಮುಂಜಾನೆ ಮಿಂದು ಬಂದೊಡನೆ ಹಳದಿಯಾಗುತ್ತಿದ್ದ ಆ ಕೆನ್ನೆಗಳ ಮೇಲೆ ಅರಿಷಿಣದ ಒಂದು ಗೆರೆಯೂ ಇರಲಿಲ್ಲ. ಕುಬಸದ ದಿನದಿಂದ ಇರಲಿಲ್ಲ. ಇಷ್ಟು ದಿನ ಒಂದೇ ಅಡುಗೆಮನೆಯಲ್ಲಿ ಎದುರುಬದುರು ನಿಂತು ರೊಟ್ಟಿ ಬಡಿದಿದ್ದರೂ, ತನ್ನ ಕನ್ನಡಿ ಬಿಟ್ಟು ಬೇರೆ ಮುಖ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಸಿದ್ದಲಿಂಗವ್ವ ಸೊಸೆಯ ಮುಷ್ಟಿಯನ್ನು ತಮ್ಮ ಕೆನ್ನೆಗೆ ತಂದುಕೊಂಡರು.

"ಹಚ್ಚು. ಹರಕಿ ನಿಂದು, ಮುಖ ನಂದು."