ಯಾವ ಶಾಣ್ಯಾ?

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಕೊಂಕು ಮಾತಿಗೆ ನಾನೇ ಪೀಠಾಧಿಪತಿ. ಪಕ್ಕದ ಮನೆಯ ಗುರಪ್ಪ ಮಾಮಾ ಗೋಡೆ ಸೊಟ್ಟಗೆ ಕಟ್ಟಿಸಿದಾಗ, "ಭಾರಿ ಆಗ್ಯಾದ್ರಿ ಮಾಮಾ, ನೋಡ್ಲಿಕ್ಕ ಊರೂರಿಂದ ಮಂದಿ ಬರ್ತಾರ" ಎಂದಿದ್ದೆ. ಅವರು ಮೂರು ದಿನ ಖುಷಿಯಾಗಿದ್ದು, ನಾಲ್ಕನೆಯ ದಿನ ಅರ್ಥವಾಗಿ ಮಾತು ಬಿಟ್ಟರು.

ದೈವದ ಆಟ ನೋಡಿ, ನನ್ನ ತಂಗಿಗೆ ಹಿಡಿಸಿದ ಹುಮನಾಬಾದಿನ ಹುಡುಗ ಇದೇ ಮಾಮಾನ ಅಕ್ಕನ ಮಗ. ನಾನು, ಹೆಂಡತಿ ಹುಡುಗನ ಮನೆ ನೋಡಲು ಹೊರಟಾಗ ತಂಗಿ ಕೈ ಹಿಡಿದು, "ಅಣ್ಣಾ, ಅಲ್ಲಿ ಕೊಂಕು ಮಾತಾಡಬ್ಯಾಡ. ಇದು ಕೆಡ್ತಂದ್ರ ನಾ ಬ್ಯಾರೆ ಯಾರನ್ನೂ ಒಲ್ಲೆ" ಎಂದಳು. ಅಂದು ಬರೀ ನಿಜವನ್ನೇ ಆಡುವುದೆಂದು ಸಂಕಲ್ಪ ಮಾಡಿದೆ. ಅಭ್ಯಾಸವಿರಲಿಲ್ಲ.

ಹುಡುಗನ ತಾಯಿ ಸುಸಲಾ ತಂದಿಟ್ಟರು. ಚುರುಮುರಿ ಮೆತ್ತಗೆ, ಒಗ್ಗರಣೆ ಹದ. ಮನಸಾರೆ, "ಇಂಥ ಸುಸಲಾ ಜನ್ಮದಾಗ ತಿಂದಿದ್ದಿಲ್ರಿ" ಎಂದೆ.

ಮೂಲೆಯಲ್ಲಿದ್ದ ಗುರಪ್ಪ ಮಾಮಾ ಕೆಮ್ಮಿದರು. "ಅಕ್ಕಾ, ಹುಷಾರ್. ಇವರು ಹೊಗಳಿದ್ರಂದ್ರ ಏನೋ ಐಬ್ ಅದಂತ ತಿಳಿ."

ತಾಯಿಯ ಮುಖ ಸಪ್ಪಗಾಯಿತು. "ಉಪ್ಪ ಜಾಸ್ತಿ ಆಯ್ತೇನ್ರಿ?"

"ಇಲ್ಲಿಲ್ರಿ. ಮನಿನೂ ಛಲೋ ಅದ. ಮನಿ ಅಂದ್ರ ಹಿಂಗಿರಬೇಕು."

ಎಲ್ಲರೂ ತಲೆ ಎತ್ತಿದರು. ಸರಿಯಾಗಿ ನನ್ನ ನೆತ್ತಿಯ ಮೇಲೆ ಛಾವಣಿಯ ಗಿಲಾವು ಕಿತ್ತು ಬಂದಿತ್ತು.

ಆಗಲಾದರೂ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ. "ಹುಡುಗ ಭಾಳ ಶಾಣ್ಯಾ ಇದ್ದಾನ್ರಿ" ಎಂದುಬಿಟ್ಟೆ!

ಶಾಣ್ಯಾ ಎಂದರೆ ಜಾಣ, ಒಪ್ಪಿದೆ. ಆದರೆ ನಮ್ಮ ಕಡೆ ಬಾವಿಗೆ ಬಕೆಟ್ಟು ಬೀಳಿಸಿದವನೂ ಶಾಣ್ಯಾ, ತಪ್ಪು ಬಸ್ಸು ಹತ್ತಿ ಚಿಟಗುಪ್ಪದಲ್ಲಿ ಇಳಿದವನೂ ಶಾಣ್ಯಾ.

ಹುಡುಗನ ತಂದೆ ನಿಧಾನವಾಗಿ ಕೇಳಿದರು. "ಶಾಣ್ಯಾ ಅಂದ್ರ, ಯಾವ ಶಾಣ್ಯಾರಿ?"

"ಖರೇ ಶಾಣ್ಯಾರಿ."

ಅದೂ ಕೊಂಕಾಗಿಯೇ ಕೇಳಿಸಿತು. ಆಣೆ ಇಡಲು ಹೋದೆ, ಮಾಮಾ ನಕ್ಕರು. ತಂದೆ, "ವಿಚಾರ ಮಾಡಿ ತಿಳಿಸ್ತೀವ್ರಿ" ಎಂದು ಎದ್ದೇಬಿಟ್ಟರು. ನನಗೆ ತಂಗಿಯ ಮುಖ ನೆನಪಾಯಿತು.

ಅಷ್ಟರಲ್ಲಿ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು, "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಇವರ ನಾಲಿಗ್ಯಾಗ ಸಣ್ಣಂದಿಂದ ದೋಷ ಅದ" ಎಂದಳು, ದುಃಖದ ದನಿಯಲ್ಲಿ.

ತಾಯಿ ಕರಗಿದರು. "ಅಯ್ಯ ಪಾಪ. ಔಷಧ ನಡದದೇನವ್ವಾ?"

"ಲಗ್ನಾಗಿ ಹನ್ನೆರಡು ವರ್ಷಾತ್ರಿ, ದಿನಾ ನಾನೇ ಕೊಡಾಕತ್ತೇನಿ. ಗುಣ ಇಲ್ಲ."

ಈ ಮಾತನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ತಂದೆ ಮತ್ತೆ ಕುಳಿತರು, ಮಾಮಾ ಕೂಡ ಕನಿಕರದಿಂದ ತಲೆಯಾಡಿಸಿದರು, ಸಂಬಂಧ ಕುದುರಿತು. ತಾಯಿ ನನ್ನ ತಟ್ಟೆಗೆ ಇನ್ನಷ್ಟು ಸುಸಲಾ ಹಾಕಿ, ಇದುವರೆಗಿನ 'ರಿ' ಬಿಟ್ಟು, ಕಿವುಡನಿಗೆ ಹೇಳುವಂತೆ ದೊಡ್ಡ ದನಿಯಲ್ಲಿ ಹೇಳಿದರು:

"ತಿನ್ನು ತಮ್ಮಾ. ಮಾತಾಡಬ್ಯಾಡ."

ತಿಂದೆ.